ಕಿವಿಯೊಳಗಿನ ಮೆಂತ್ಯ

ಆಗ್ರಾ
ಸಂವತ್ ೧೬೬೮, ಆಶ್ವಯುಜ ಶುದ್ಧ ದಶಮಿ

ಅಕ್ಕನಿಗೆ ಸುಜಾನನ ನಮಸ್ಕಾರಗಳು.

ಬಟ್ಟೆ ವ್ಯಾಪಾರಿಯ ಆಳು ನಾಳೆ ಬೆಳಿಗ್ಗೆ ಬುರ್ಹಾನ್‌ಪುರಕ್ಕೆ ಹೊರಡುತ್ತಾನಂತೆ. ಅವನ ಕೈಯಲ್ಲಿ ಕಳಿಸಲೆಂದು ಆತುರದಲ್ಲಿ ಬರೆಯುತ್ತಿದ್ದೇನೆ.

ಮಿರ್ಜಾ ಯಾಕೂತ್ ಬೇಗ್ ಇಲ್ಲಿಗೆ ಬಂದಿದ್ದಾನೆ. ಹೌದು, ಅದೇ ಮಿರ್ಜಾ, ಭಾವನ ಹೆಬ್ಬೆರಳು ಮುರಿಸಿದವನು. ಅವನಿಗೆ ದೊಡ್ಡ ಹುದ್ದೆ ಸಿಗುತ್ತದೆಂದು ಕೋಟೆಯಲ್ಲೆಲ್ಲ ಮಾತು. ಬರುವ ನೌರೋಜ್ ಹಬ್ಬಕ್ಕೆ ದರ್ಬಾರಿನ ದೊಡ್ಡವರ ಚಿತ್ರಗಳದ್ದೊಂದು ಸಂಪುಟ ಸಿದ್ಧವಾಗಬೇಕು. ಅದರಲ್ಲಿ ಅವನ ಚಿತ್ರ ನನ್ನ ಪಾಲಿಗೆ ಬಂದಿದೆ. ನಮ್ಮ ಚಿತ್ರಶಾಲೆ ನೋಡಿಕೊಳ್ಳುವ ದಾರೋಗಾ ಸಾದಿಕ್ ಸಾಹೇಬರು ಎಲ್ಲರೆದುರು ನಕ್ಕು, "ನೀನೂ ಬುರ್ಹಾನ್‌ಪುರದವನೇ ಅಲ್ವೇನಯ್ಯಾ? ನಿಮ್ಮೂರ ಕುಂಬಳಕಾಯಿನ ನೀನೇ ಬರಿ" ಎಂದರು. ನಾನೂ ನಕ್ಕೆ. ಬೇರೇನು ಮಾಡಲಿ?

ಈ ಸಂಪುಟ ಮೆಚ್ಚುಗೆಯಾದರೆ ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸುತ್ತಾರೆ. ಎಂಟು ವರ್ಷ ಬೇರೆಯವರ ಚಿತ್ರಕ್ಕೆ ಹುಲ್ಲು, ಮೋಡ, ಕುದುರೆಯ ಬಾಲ ಬರೆದವನಿಗೆ ಅದು ಸಣ್ಣ ಮಾತಲ್ಲ. ಆದರೂ ಈ ಕೆಲಸವನ್ನು ಬೇರೆಯವನಿಗೆ ದಾಟಿಸಿಬಿಡೋಣ ಅನ್ನಿಸುತ್ತಿದೆ. ನಿನ್ನೆ ದರ್ಬಾರಿನಲ್ಲಿ ಕಂಬದ ಪಕ್ಕ ನಿಂತು ಅವನ ಮುಖ ನೋಡಿದೆ. ಅವನೂ ನನ್ನ ಕಡೆ ನೋಡಿದ. ಗುರುತು ಹಿಡಿಯಲಿಲ್ಲ. ಮನೆಗೆ ಬಂದ ಮೇಲೂ ಕೈ ನಡುಗುತ್ತಿತ್ತು.

ಏನು ಮಾಡಲಿ ಹೇಳು. ನೀನು ಬೇಡ ಎಂದರೆ ಬಿಟ್ಟುಬಿಡುತ್ತೇನೆ.

ನಿನ್ನ ತಮ್ಮ,
ಸುಜಾನ

*

ಬುರ್ಹಾನ್‌ಪುರ
ಕಾರ್ತಿಕ ಶುದ್ಧ ಪಂಚಮಿ

ಸುಜಾನನಿಗೆ ಅಕ್ಕ ಕೇಸರ್ ಮಾಡುವ ಆಶೀರ್ವಾದ.

ಬಿಟ್ಟುಬಿಡುತ್ತಾನಂತೆ! ದೇವರು ಹಸಿದವಳ ಮುಂದೆ ತಟ್ಟೆ ತಂದಿಟ್ಟಿದ್ದಾನೆ, ನೀನು ಎತ್ತಿಡಲಾ ಎಂದು ಕೇಳುತ್ತೀಯಲ್ಲೋ. ಬಿಡಬೇಡ. ಕೈ ನಡುಗಿದರೆ ನಡುಗಲಿ. ನಿನಗೆ ನಡುಗಲು ಕೈಯಾದರೂ ಇದೆ.

ನೀನು ಆಗ ಹತ್ತೊಂಬತ್ತರವನು, ಮಿರ್ಜಾನಿಗೆ ಚಿತ್ರ ಬರೆಯುತ್ತಿದ್ದ ಭಾವನ ಪಕ್ಕ ಕೂತು ಬಣ್ಣ ಅರೆಯುತ್ತಿದ್ದೆ. ಮರೆತಿರಲಾರೆ. ಮಿರ್ಜಾನನ್ನು ಗೇಲಿ ಮಾಡಿದ ಆ ಚಿತ್ರ, ಹೊಟ್ಟೆ ಮುಂದೆ ಬಂದು ನಿಲುವಂಗಿಯ ಕಟ್ಟುದಾರ ಒಂದಕ್ಕೊಂದು ಸೇರದೆ ಅವನು ಒದ್ದಾಡುತ್ತಿರುವುದು, ಅವನ ಔತಣದ ತಟ್ಟೆಯ ಕೆಳಗೆ ಸಿಕ್ಕಿತು. ಯಾರೋ ಬರೆದಿದ್ದರು. ಆದರೆ ಬರೆದಿದ್ದು ನಿನ್ನ ಭಾವನ ಅಭ್ಯಾಸದ ಹಾಳೆಯ ಬೆನ್ನಿಗೆ. ಅಷ್ಟು ಸಾಕಾಯಿತು. ಬಾಗಿಲ ಸಂದಿಯಲ್ಲಿ ಅವರ ಹೆಬ್ಬೆರಳು ಇಡಿಸಿ ಬಾಗಿಲು ಎಳೆಸಿದ. ಆಮೇಲೆ ಆ ಹಾಳೆಯನ್ನು ಅವರ ಅಂಗಿಗೆ ಹೊಲಿಸಿ ಮನೆಗೆ ಕಳಿಸಿದ. ಹೊಲಿಗೆ ಬಿಚ್ಚಿದವಳು ನಾನು. ಒಂದು ವರ್ಷ ಅವರು ಗೋಡೆ ನೋಡುತ್ತ ಕೂತರು. ಒಂದು ದಿನ ಸ್ನಾನಕ್ಕೆ ಹೋಗಿಬರುತ್ತೇನೆಂದು ತಾಪಿ ನದಿಗೆ ಇಳಿದವರು ಮತ್ತೆ ಬರಲಿಲ್ಲ.

ಅವತ್ತೇ ಸೇಡು ತೀರಿಸುವ ಎರಡು ಆಣೆ ಇಟ್ಟಿದ್ದೇನೆ. ಒಂದು ಮಿರ್ಜಾನ ಮೇಲೆ. ಇನ್ನೊಂದು, ಆ ಚಿತ್ರ ಬರೆದು ಬಾಯಿ ಮುಚ್ಚಿಕೊಂಡು ಕೂತ ಆ 'ಯಾರೋ' ಇದ್ದಾನಲ್ಲ, ಅವನ ಮೇಲೆ. ಸಿಕ್ಕರೆ ಅವನ ಹೆಬ್ಬೆರಳೂ ಅದೇ ಬಾಗಿಲಿಗೆ. ಅವನು ಸಿಗುತ್ತಾನೋ ಇಲ್ಲವೋ, ಮಿರ್ಜಾ ಸಿಕ್ಕಿದ್ದಾನೆ.

ಈಗ ಕೇಳು. ಮಿರ್ಜಾನ ಮನೆಯ ಹೆಂಗಸರ ಬಟ್ಟೆಗೆ ನಾನು ಜರಿ ಕೆಲಸ ಮಾಡುವುದು ನಿನಗೆ ಗೊತ್ತು. ನಾನು ಯಾರ ಹೆಂಡತಿ ಎಂದು ಅವನಿಗೆ ತಿಳಿಯದು. ತುಳಿದವನಿಗೆ ಎಲ್ಲಿ ನೆನಪಿರುತ್ತದೆ? ಹೋದ ವರ್ಷ ಅವನ ಮುದಿ ದಾಸಿ ಬಂದು ಗುಟ್ಟಾಗಿ ಒಂದು ಅಂಗಿ ಹೊಲಿಸಿಕೊಂಡು ಹೋದಳು. ಯಾವ ಅಂಗಿ ಗೊತ್ತೇನೋ? ನಾದಿರಿ. ನಿಲುವಂಗಿಯ ಮೇಲೆ ತೊಡುವ, ತೋಳಿಲ್ಲದ, ಮುಂದೆ ಗುಂಡಿ ಇರುವ ಆ ಅಂಗಿ. ಪಾದಶಹರು ತಮ್ಮ ಮೈಗೆಂದು ಇಟ್ಟುಕೊಂಡಿರುವುದು. ಅವರೇ ಕೈಯಾರೆ ಕೊಟ್ಟ ಹೊರತು ಯಾರೂ ತೊಡುವ ಹಾಗಿಲ್ಲ. ಇವನಿಗೆ ಯಾರೂ ಕೊಟ್ಟಿಲ್ಲ. ಮನೆಯೊಳಗೆ, ನೆಂಟರ ಔತಣದಲ್ಲಿ, ತೊಟ್ಟುಕೊಂಡು ಮೆರೆಯುತ್ತಾನೆ. ಇಷ್ಟು ಸಾಲದೆಂದು ಅವನು ಆಗ್ರಾಕ್ಕೆ ಹೊರಡುವ ಮುಂಚೆ ಅದು ನನ್ನ ಹತ್ತಿರವೇ ವಾಪಸು ಬಂದಿದೆ. ಹೊಟ್ಟೆ ಬೆಳೆದಿದೆ, ಬದಿ ಬಿಚ್ಚಿ ಅಗಲ ಮಾಡಬೇಕಂತೆ. ಒಳಮೈಗೆ ಅವನ ಉಗ್ರಾಣದ ಮುದ್ರೆ ಕಪ್ಪಗೆ ಬಿದ್ದಿದೆ.

ನೀನು ಸುಳ್ಳು ಬರೆಯಬೇಡ. ಇರುವುದನ್ನು ಇರುವ ಹಾಗೆ ಬರೆ. ಆ ಅಂಗಿ ತೊಡಿಸಿ ಅವನನ್ನು ಸಂಪುಟದಲ್ಲಿ ನಿಲ್ಲಿಸು. ಯಾರಾದರೂ ಪುರಾವೆ ಕೇಳಿದರೆ, ಕೇಳಿದ ದಿನವೇ ಅಂಗಿ ನನ್ನ ಪೆಟ್ಟಿಗೆಯಿಂದ ಹೊರಡುತ್ತದೆ. ಇದು ನನ್ನ ಮಾತು.

ಕೇಸರ್

*

ಆಗ್ರಾ
ಮಾರ್ಗಶಿರ ಶುದ್ಧ ಬಿದಿಗೆ

ಅಕ್ಕಾ,

ನಿನ್ನ ಪತ್ರ ಓದಿ ಮೂರು ದಿನ ಊಟ ಸೇರಲಿಲ್ಲ. ಹುಲಿಯ ಮೀಸೆ ಹಿಡಿದು ಉಯ್ಯಾಲೆ ಆಡು ಎನ್ನುತ್ತೀಯ. ಆದರೆ ಯೋಚಿಸಿದಷ್ಟೂ ನೀನು ಹೇಳಿದ್ದೇ ಸರಿ ಎನಿಸಿತು. ಅವನು ದೊಡ್ಡ ಹುದ್ದೆಯಲ್ಲಿ ಇಲ್ಲೇ ಬೇರೂರಿದರೆ ನನಗೂ ನೆಮ್ಮದಿ ಇಲ್ಲ. ಅಲ್ಲದೆ ಭಾವನ ವಿಷಯದಲ್ಲಿ ನನ್ನ ಎದೆಯ ಮೇಲೂ ಒಂದು ಕಲ್ಲಿದೆ. ಇದರಿಂದ ಅದು ಇಳಿದೀತು.

ಮಾಡುತ್ತೇನೆ. ಮುಖ ನನ್ನದು, ಬಟ್ಟೆ ನಿನ್ನದು. ದರ್ಬಾರಿನಲ್ಲಿ ಇನ್ನೆರಡು ಸಲ ನೋಡಿ ಮುಖ ತಿದ್ದಿಕೊಂಡೆ. ಅವನ ಇಡೀ ಆಕಾರವನ್ನು ತೆಳು ಕಾಗದದ ಮೇಲೆ ಗೆರೆಯಲ್ಲಿ ಬರೆದು ಇದರೊಳಗೆ ಮಡಿಸಿ ಇಟ್ಟಿದ್ದೇನೆ. ಅಂಗಿ ಎಲ್ಲಿಂದ ಎಲ್ಲಿಯವರೆಗೆ, ಗುಂಡಿ ಎಷ್ಟು, ಜರಿ ಎಲ್ಲಿ, ಎಲ್ಲ ಗುರುತು ಹಾಕಿ ಕಳಿಸು. ಚಿತ್ರ ನೋಡಿದ ದರ್ಜಿಯೂ ತಪ್ಪು ಹುಡುಕಬಾರದು.

ಇನ್ನೊಂದು ಮಾತು. ಆ ಹಳೆಯ ಗೇಲಿ ಚಿತ್ರ ಇನ್ನೂ ಇಟ್ಟುಕೊಂಡಿದ್ದೀಯಾ? ಇಟ್ಟುಕೊಂಡಿದ್ದರೆ ಸುಟ್ಟುಹಾಕು ಅಕ್ಕ. ಅದನ್ನು ನೋಡಿ ನೋಡಿ ಯಾಕೆ ಸಂಕಟಪಡುತ್ತೀ? ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಸುಜಾನ

*

ಬುರ್ಹಾನ್‌ಪುರ
ಮಾಘ ಶುದ್ಧ ಪಂಚಮಿ

ಪ್ರೀತಿಯ ಸುಜಾನನಿಗೆ,

ಉತ್ತರ ತಡವಾಯಿತು. ನಿನ್ನ ಕಾಗದ ಬಂದಾಗಿನಿಂದ ಜ್ವರ, ಮೈಗೆ ಹುಷಾರಿರಲಿಲ್ಲ. ಈಗ ಎದ್ದು ಓಡಾಡುತ್ತಿದ್ದೇನೆ.

ಅಂಗಿ ಹೆಗಲಿಂದ ಇಳಿದು ತೊಡೆ ದಾಟಬೇಕು. ತೋಳಿಲ್ಲ. ಮುಂದೆ ಒಂಬತ್ತು ಗುಂಡಿ, ಮುತ್ತಿನವು. ಬಟ್ಟೆ ದಾಳಿಂಬೆ ಸಿಪ್ಪೆಯ ಬಣ್ಣ, ಅಂಚಿಗೆ ಬೆರಳಗಲ ಜರಿ. ಒಳಗಿನ ನಿಲುವಂಗಿಯನ್ನು ಅವನ ಬಲ ಕಂಕುಳಲ್ಲೇ ಕಟ್ಟಿಸು. ನಮ್ಮ ಹಿಂದೂಗಳ ಹಾಗೆ ಎಡಕ್ಕೆ ಕಟ್ಟಿಬಿಟ್ಟರೆ ಊರೆಲ್ಲ ನಕ್ಕೀತು, ಅಂಗಿಯ ಮಾತು ಅಲ್ಲಿಗೇ ಮುಳುಗೀತು. ನಡುಪಟ್ಟಿಯ ತುದಿ ಮೇಲಂಗಿಯ ಕೆಳಗೆ ನಾಲ್ಕು ಬೆರಳು ಕಾಣಬೇಕು. ಎಲ್ಲ ನಿನ್ನ ಕಾಗದದ ಮೇಲೇ ಗುರುತು ಮಾಡಿದ್ದೇನೆ. ಅದರ ನಕಲು ತೆಗೆದು ಇದರೊಳಗೆ ಇಟ್ಟಿದ್ದೇನೆ, ಮೂಲವನ್ನು ನಾನೇ ಇಟ್ಟುಕೊಂಡಿದ್ದೇನೆ. ತಮ್ಮನ ಕೈಬರಹ, ಮನೆಯಲ್ಲಿ ಇರಲಿ ಅಂತ.

ಮುಖ ಬಹಳ ಚೆನ್ನಾಗಿ ಬಂದಿದೆ. ಕಿವಿ ಎಲ್ಲಕ್ಕಿಂತ ಚೆನ್ನ. ಅದನ್ನು ಮಾತ್ರ ತಿದ್ದಬೇಡ. ಕಿವಿ ಹೀಗೆ ಬರೆಯುವುದು ಯಾರು ಕಲಿಸಿದ್ದು?

ನೀನು ಹೇಳಿದ ಎದೆ ಮೇಲಿನ ಕಲ್ಲು ಯಾವುದು? ನನ್ನ ಹತ್ತಿರ ಹೇಳಬೇಕಾದ್ದು ಏನಾದರೂ ಇದ್ದರೆ ಬರೆ. ಅಕ್ಕ ಅಲ್ಲವೇ ನಾನು. ಅಮ್ಮ ಸತ್ತಾಗ ನಿನಗೆ ನಾಲ್ಕು ವರ್ಷ. ನನ್ನ ಸೆರಗು ಬಾಯಲ್ಲಿಟ್ಟುಕೊಂಡೇ ನಿದ್ದೆ ಮಾಡುತ್ತಿದ್ದೆ. ಹೇಳಿದರೆ ಬೈಯುವುದಿಲ್ಲ.

ಅಂಗಿ ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಧೈರ್ಯವಾಗಿ ಬರೆ.

ನಿನ್ನ ಅಕ್ಕ,
ಕೇಸರ್

*

ಆಗ್ರಾ
ಮಾಘ ಬಹುಳ ತ್ರಯೋದಶಿ

ಅಕ್ಕಾ,

ನಿನ್ನ ಜ್ವರದ ಸುದ್ದಿ ಕೇಳಿ ಮನಸ್ಸಿಗೆ ಹೇಗೋ ಆಯಿತು. ಶುಂಠಿ ಕಷಾಯ ಬಿಡಬೇಡ. ಪತ್ರದಲ್ಲಿ ಎಷ್ಟು ಅಕ್ಕರೆ ಸುರಿಸಿದ್ದೀಯ! ಎಷ್ಟೋ ವರ್ಷದ ಮೇಲೆ ನನ್ನ ಹಳೆಯ ಅಕ್ಕ ಸಿಕ್ಕ ಹಾಗಾಯಿತು.

ಚಿತ್ರ ಮುಗಿಯುತ್ತ ಬಂದಿದೆ. ನಿನ್ನ ಗುರುತಿನ ಪ್ರಕಾರವೇ ಅಂಗಿ ತೊಡಿಸಿದ್ದೇನೆ. ಗುಂಡಿಯ ಮುತ್ತುಗಳಿಗೆ ಅಳಿಲಿನ ಬಾಲದ ಒಂದೇ ಕೂದಲಿನ ಕುಂಚದಲ್ಲಿ ಬಿಳಿ ಚುಕ್ಕೆ ಇಟ್ಟಿದ್ದೇನೆ. ಪಕ್ಕದಲ್ಲಿ ಕೂರುವ ಗೆಳೆಯ ಮೋತಿರಾಮ ನೋಡಿ, "ಏನೋ ಇದು, ಆ ಬೊಜ್ಜಪ್ಪನ್ನ ಮದುಮಗನ ಥರಾ ಮಾಡಿದೀಯಲ್ಲೋ!" ಎಂದ. ಅಂಗಿಯ ವಿಷಯ ಅವನಿಗೆ ಹೊಳೆಯಲಿಲ್ಲ. ಪಾದಶಹರೇ ಕೊಟ್ಟಿರಬಹುದು ಎಂದುಕೊಂಡಿರಬೇಕು.

ಕಿವಿ ಯಾರೂ ಕಲಿಸಿದ್ದಲ್ಲ, ನನ್ನದೇ ಕೈಗುಣ. ನೀನು ಕೇಳಿದ ಮೇಲೆ ನೆನಪಾಯಿತು ನೋಡು: ಭಾವ ದಿನಾ ಬೈಯುತ್ತಿದ್ದರು, "ಕಿವಿ ಒಳಗೆ ಮೆಂತ್ಯ ಬಿತ್ತಿದೀಯೇನೋ, ಮೊಳಕೆ ಬಂದಿದೆ" ಅಂತ. ಒಳಸುಳಿಯ ಆ ಕೊಕ್ಕೆ ಎಷ್ಟು ಬೈದರೂ ಹೋಗಲಿಲ್ಲ. ಈಗ ಇಲ್ಲಿ ಅದೇ ನನ್ನ ಗುರುತು. ಹೆಸರು ಬರೆಯದಿದ್ದರೂ ಇದು ಸುಜಾನನ ಕೈ ಎನ್ನುತ್ತಾರೆ.

ಎದೆ ಮೇಲಿನ ಕಲ್ಲು ಎಂದರೆ ಏನೂ ಇಲ್ಲ ಅಕ್ಕ. ಭಾವನ ಕಷ್ಟಕಾಲದಲ್ಲಿ ನಿನ್ನ ಜೊತೆಗಿರದೆ ಆಗ್ರಾಕ್ಕೆ ಬಂದುಬಿಟ್ಟೆನಲ್ಲ, ಅದೇ. ಬೇರೆ ಏನಿರುತ್ತದೆ?

ಸುಜಾನ

*

ಆಗ್ರಾ
ಸಂವತ್ ೧೬೬೯, ಚೈತ್ರ ಶುದ್ಧ ಷಷ್ಠಿ

ಅಕ್ಕಾ, ಈ ಪತ್ರ ಸಿಕ್ಕ ಕೂಡಲೇ ಅಂಗಿ ಕಳಿಸು.

ನೌರೋಜಿನ ಹಿಂದಿನ ದಿನ ದಾರೋಗಾ ಸಾಹೇಬರು ಸಂಪುಟದ ಹಾಳೆ ಒಂದೊಂದೇ ತಿರುವುತ್ತ ಬಂದರು. ಮಿರ್ಜಾನ ಹಾಳೆಗೆ ಬಂದವರು ಅಲ್ಲೇ ನಿಂತರು. "ಇದನ್ನ ಇವರಿಗೆ ಕೊಟ್ಟೋರು ಯಾರು?" ಎಂದರು. ನಾನು, "ನನಗೆ ತಿಳೀದು ಹುಜೂರ್, ಮನೇಲಿ ತೊಡ್ತಾರೆ ಅಂತ ತಿಳಿದಿದ್ದಷ್ಟೇ ಬರೆದೆ" ಎಂದೆ. ಅಲ್ಲಿಗೇ ಮಿರ್ಜಾನನ್ನು ಕರೆಸಿದರು. ಅವನ ಮುಖ ಬಿಳುಚಿತು, ಅಕ್ಕ, ನಾನು ಕಣ್ಣಾರೆ ಕಂಡೆ. ನೀನು ಇರಬೇಕಿತ್ತು. ಆದರೆ ಮರುಗಳಿಗೆಗೆ ಸಾವರಿಸಿಕೊಂಡು ಕೂಗಾಡಿದ: "ಈ ಬಣ್ಣ ಅರೆಯೋ ಕತ್ತೆ ನನ್ನ ತಲೆ ಉರುಳಿಸೋಕೆ ಹೊಂಚು ಹಾಕಿದಾನೆ! ಹುಡುಕಿ ನನ್ನ ಪೆಟ್ಟಿಗೆಗಳನ್ನ!" ಹುಡುಕಿದರು. ಇಲ್ಲಿ ಏನು ಸಿಗುತ್ತದೆ? ಅಂಗಿ ನಿನ್ನ ಹತ್ತಿರ ಇದೆಯಲ್ಲ.

ಹಾಳೆಯನ್ನು ಸಂಪುಟದಿಂದ ತೆಗೆದು ಬೀಗ ಹಾಕಿಟ್ಟಿದ್ದಾರೆ. ನನಗೆ ಇವತ್ತಿನಿಂದ ಎರಡು ತಿಂಗಳ ಗಡುವು. ಅಷ್ಟರಲ್ಲಿ ಪುರಾವೆ ಬರದಿದ್ದರೆ ಚಿತ್ರಶಾಲೆಯಿಂದ ಹೆಸರು ಹೊಡೆದು ಆಚೆಗೆ ದಬ್ಬುತ್ತಾರೆ. ಕೋಟೆ ಬಾಗಿಲ ಹೊರಗೆ ಮಿರ್ಜಾನ ಆಳುಗಳು ಈಗಲೇ ನನ್ನನ್ನು ನೋಡಿ ಹೆಬ್ಬೆರಳು ಮಡಚಿ ತೋರಿಸುತ್ತಾರೆ.

ಅಂಗಿ ಹೊಲಿದವಳ ಹೆಸರು ದಾರೋಗಾರಿಗೆ ಗುಟ್ಟಾಗಿ ಹೇಳಿದ್ದೇನೆ. ಅಲ್ಲಿಯ ಸುದ್ದಿಯನ್ನು ದರ್ಬಾರಿಗೆ ಬರೆದು ಕಳಿಸುವ ಮುನ್ಷಿ ದೇವಕರಣ್ ಎಂಬವರಿಗೆ ದಾರೋಗಾ ಬರೆದಿದ್ದಾರೆ. ಅವರು ನಿನ್ನ ಮನೆಗೆ ಬಂದು ಕೇಳುತ್ತಾರೆ. ನೀನು ಇದ್ದದ್ದು ಇದ್ದ ಹಾಗೆ ಹೇಳಿ ಅಂಗಿ ಕೈಗಿಟ್ಟರೆ ಸಾಕು. ನನ್ನ ಕೈ ನಿನ್ನ ಕೈಯಲ್ಲಿದೆ.

ಸುಜಾನ

*

ಆಗ್ರಾ
ಜ್ಯೇಷ್ಠ ಶುದ್ಧ ಬಿದಿಗೆ

ಅಕ್ಕಾ,

ನಿನ್ನಿಂದ ಒಂದಕ್ಷರವಿಲ್ಲ. ಮುನ್ಷಿಯ ವರದಿ ಮಾತ್ರ ಬಂತು. ದಾರೋಗಾ ಸಾಹೇಬರು ಎಲ್ಲರೆದುರು ಓದಿಸಿದರು: 'ಜರಿ ಕೆಲಸದ ಕೇಸರ್ ಎಂಬ ವಿಧವೆಯನ್ನು ವಿಚಾರಿಸಲಾಯಿತು. ಅಂಥ ಅಂಗಿ ತಾನು ಹೊಲಿದಿಲ್ಲ, ಕಂಡೂ ಇಲ್ಲ ಎಂದಳು.'

ಮಿರ್ಜಾನ ಕಡೆಯವರು ಹೆದರಿಸಿದರಾ? ಹೊಡೆದರಾ? ನನಗೆ ನನ್ನ ಚಿಂತೆಗಿಂತ ನಿನ್ನ ಚಿಂತೆ ಹೆಚ್ಚಾಗಿದೆ. ಹೆದರಿ ಹೇಳಿದ್ದರೆ ನನಗೇನೂ ಸಿಟ್ಟಿಲ್ಲ, ಒಂಟಿ ಹೆಂಗಸು ನೀನು. ಆದರೆ ಇನ್ನೂ ನಾಲ್ಕು ದಿನ ಉಳಿದಿದೆ. ವ್ಯಾಪಾರಿಯ ಕುದುರೆಯವನು ದಾರಿಯಲ್ಲಿದ್ದಾನಂತೆ, ಅವನ ಕೈಯಲ್ಲಿ ಅಂಗಿ ಕಳಿಸಿದ್ದೀಯ ಎಂದೇ ನಂಬಿದ್ದೇನೆ. ದಿನಾ ಬೆಳಿಗ್ಗೆ ವ್ಯಾಪಾರಿಗಳು ತಂಗುವ ಛತ್ರದ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ.

ಸುಜಾನ

*

ಆಗ್ರಾ
ಜ್ಯೇಷ್ಠ ಬಹುಳ ಏಕಾದಶಿ

ಕೇಸರ್ ಅಕ್ಕನವರಿಗೆ,

ಇದನ್ನು ಬರೆಯುತ್ತಿರುವವನು ಮೋತಿರಾಮ. ಸುಜಾನ ಹೇಳುತ್ತಿದ್ದಾನೆ, ನಾನು ಅವನು ಹೇಳಿದ ಹಾಗೇ ಬರೆಯುತ್ತಿದ್ದೇನೆ.

ಅಕ್ಕಾ, ಕುದುರೆಯವನು ಬಂದ. ನಿನ್ನದೇನೂ ತರಲಿಲ್ಲ. ಹೆಸರು ಹೊಡೆದರು. ಕೋಟೆ ಬಾಗಿಲು ದಾಟಿ ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಮಿರ್ಜಾನ ಆಳುಗಳು ಎಳೆದುಕೊಂಡು ಹೋದರು. ಬಾಗಿಲ ಸಂದಿಯೇ. ಬಲಗೈಯ ಹೆಬ್ಬೆರಳು. ಮೋತಿರಾಮನ ಹೆಂಡತಿ ಅರಿಶಿನ ಕಟ್ಟಿದ್ದಾಳೆ. ಇನ್ನು ಕುಂಚ ನಿಲ್ಲುವುದಿಲ್ಲ ಎಂದು ಹಕೀಮರು ಹೇಳಿದರು.

ಬಾಗಿಲು ಎಳೆಯುವಾಗ ನನಗೆ ಭಾವನ ಮುಖ ಕಂಡಿತು. ಈಗ ಹೇಳಿಬಿಡುತ್ತೇನೆ. ಆ ಗೇಲಿ ಚಿತ್ರ ನಾನೇ ಬರೆದದ್ದು. ತಮಾಷೆಗೆ ಬರೆದೆ, ಭಾವನ ಹಾಳೆ ಎಂದು ನೋಡಿಕೊಳ್ಳಲಿಲ್ಲ. ಅದು ತಟ್ಟೆಯ ಕೆಳಗೆ ಹೇಗೆ ಹೋಯಿತೋ ಇವತ್ತಿಗೂ ತಿಳಿಯದು. ಅವರನ್ನು ಕರೆದೊಯ್ದಾಗ ನಾನು ಅಲ್ಲೇ ಬಣ್ಣ ಅರೆಯುತ್ತ ಕೂತಿದ್ದೆ. ಏಳಲಿಲ್ಲ, ಬಾಯಿ ಬಿಡಲಿಲ್ಲ. ಆಮೇಲೆ ಹೇಳೋಣ ಹೇಳೋಣ ಎಂದು ಒಂಬತ್ತು ವರ್ಷ ಆಯಿತು. ಒಬ್ಬಳೇ ಅಕ್ಕ, ಕ್ಷಮಿಸು.

*

ಬುರ್ಹಾನ್‌ಪುರ
ಆಷಾಢ ಬಹುಳ ಪಂಚಮಿ

ಸುಜಾನ,

ಮೋತಿರಾಮನಿಂದ ಓದಿಸಿಕೊಳ್ಳಬೇಡ. ಕಣ್ಣು ನೆಟ್ಟಗಿವೆ, ನೀನೇ ಓದು.

ನನಗೆ ಗೊತ್ತಿತ್ತು. ಮಾರ್ಗಶಿರದಲ್ಲಿ ನಿನ್ನ ತೆಳು ಕಾಗದ ಬಿಚ್ಚಿದ ದಿನವೇ ಗೊತ್ತಾಯಿತು. ಹಳೆಯ ಚಿತ್ರ ಸುಟ್ಟುಹಾಕು ಎಂದು ನೀನು ಬರೆಯದಿದ್ದರೆ ನಾನು ಅದನ್ನು ಹೊರಗೆ ತೆಗೆಯುತ್ತಲೇ ಇರಲಿಲ್ಲ. ನಾಲ್ಕು ವರ್ಷದಿಂದ ಪೆಟ್ಟಿಗೆಯ ತಳದಲ್ಲಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡೆ ನೀನು. ತೆಗೆದು ನಿನ್ನ ಕಾಗದದ ಪಕ್ಕ ಇಟ್ಟೆ. ಎರಡು ಮಿರ್ಜಾ, ಎರಡು ಕಿವಿ, ಎರಡರೊಳಗೂ ಮೆಂತ್ಯದ ಮೊಳಕೆ. ನಲವತ್ತು ದಿನ ನನಗೆ ಜ್ವರ ಬಂದಿರಲಿಲ್ಲ ಕಣೋ. ನಲವತ್ತು ದಿನ ಆ ಎರಡು ಕಿವಿ ನೋಡುತ್ತ ಕೂತಿದ್ದೆ.

ನಿನ್ನ ಭಾವನಿಗೂ ಗೊತ್ತಿತ್ತು. ದಿನಾ ನಿನ್ನ ಕಿವಿಗಳನ್ನು ತಿದ್ದಿದವರಿಗೆ ಗೊತ್ತಾಗದೇ ಇರುತ್ತದೆಯೇ? ಮಿರ್ಜಾ ಆ ಹಾಳೆ ಮುಖಕ್ಕೆ ಹಿಡಿದು ಕೇಳಿದಾಗ, ನಂದಲ್ಲ, ನನ್ನ ಹೆಂಡತಿಯ ತಮ್ಮನದು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಯಾರು ಬರೆದದ್ದು ಎಂದು ನಾನು ಆ ವರ್ಷವೆಲ್ಲ ಪೀಡಿಸಿದೆ. "ಬಿಡು ಕೇಸರ್, ನಾನೇ ಬರ್ದೆ ಅಂದ್ಕೋ" ಎನ್ನುತ್ತಿದ್ದರು. ನಿನ್ನನ್ನು ಉಳಿಸಲು ಬೆರಳು ಕೊಟ್ಟರು, ನನ್ನಿಂದ ನಿನ್ನನ್ನು ಉಳಿಸಲು ಬಾಯಿ ಮುಚ್ಚಿಕೊಂಡರು. ನೀನು ಅವರ ತಿಥಿಗೂ ಬರಲಿಲ್ಲ, ಚಿತ್ರಶಾಲೆಯಲ್ಲಿ ರಜೆ ಇಲ್ಲವೆಂದು.

ಅವರು ಬದುಕಿದ್ದರೆ ನಾನು ಈಗ ಮಾಡಿದ್ದನ್ನು ಮೆಚ್ಚುತ್ತಿರಲಿಲ್ಲ. ಅದೂ ಗೊತ್ತು. ಆದರೆ ಅವರು ಬದುಕಿಲ್ಲ.

ಆದರೂ ನಿನಗೆ ಬಾಗಿಲು ತೆರೆದೇ ಇಟ್ಟಿದ್ದೆ. ಕಿವಿ ಕಲಿಸಿದ್ದು ಯಾರು ಎಂದು ಕೇಳಿದೆ, ಎದೆ ಮೇಲಿನ ಕಲ್ಲು ಯಾವುದು ಎಂದು ಕೇಳಿದೆ. ಬೈಯುವುದಿಲ್ಲ ಎಂದೂ ಬರೆದೆ, ಮತ್ತು ಬೈಯುತ್ತಿರಲಿಲ್ಲ. ಒಂದು ಸಾಲು ಬರೆದಿದ್ದರೆ ಅಂಗಿ ಓಡಿಬರುತ್ತಿತ್ತು. ನೀನು ಮೆಂತ್ಯದ ತಮಾಷೆ ಬರೆದೆ. 'ಬೇರೆ ಏನಿರುತ್ತದೆ' ಎಂದು ಬರೆದೆ. ಮುನ್ಷಿ ಹೊಸಿಲಿಗೆ ಬಂದು, "ಅಮ್ಮಾ, ಇಂಥ ಅಂಗಿ ಹೊಲ್ದಿದೀರಾ?" ಎಂದು ಕೇಳಿದಾಗ ಅಂಗಿ ನನ್ನ ತೊಡೆಯ ಮೇಲೇ ಇತ್ತು, ಅದರ ಮೇಲೊಂದು ಹಳೆಯ ಸೀರೆ. ಬಾಯಿ ಮುಚ್ಚಿಕೊಂಡು ಕೂರುವುದು ಎಷ್ಟು ಸುಲಭ ಎಂದು ಅವತ್ತು ತಿಳಿಯಿತು. "ಇಲ್ಲಪ್ಪ" ಎಂದೆ.

ಮಿರ್ಜಾನ ಆಳೂ ಬಂದಿದ್ದ, ಬೆವರು ಸುರಿಸಿಕೊಂಡು, ಅಂಗಿ ಎಲ್ಲಿ ಅಂಗಿ ಎಲ್ಲಿ ಎಂದು. ಇಲಿ ಕಡಿದಿತ್ತು, ಒಲೆಗೆ ಹಾಕಿದೆ ಎಂದೆ. ಖುಷಿಗೆ ನನ್ನ ಕಾಲಿಗೆ ಬೀಳುವುದೊಂದು ಬಾಕಿ.

ನಿನ್ನ ಬೆರಳಿನ ಸುದ್ದಿ ತಲುಪಿದ ದಿನ ಒಲೆ ಹಚ್ಚಲಿಲ್ಲ. ಕೂತು ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ. ಸೆರಗು ಬಾಯಲ್ಲಿಟ್ಟುಕೊಂಡ ಆ ಮಗು ಕಣ್ಣ ಮುಂದಿಂದ ಹೋಗಲೇ ಇಲ್ಲ. ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ, ಅಂಗಿ ಮಡಿಸಿಕೊಂಡು, ಮುನ್ಷಿಯ ಮನೆಗೆ ನಡೆದುಹೋದೆ. ಮಿರ್ಜಾನ ಕಡೆಯವರು ಹೆದರಿಸಿದ್ದರು, ಒಂಟಿ ಹೆಂಗಸು, ಅವತ್ತು ಸುಳ್ಳು ಹೇಳಿದೆ ಎಂದೆ. ನೀನೇ ಕಳಿಸಿದ ಮಾತು ಅದು, ಚೆನ್ನಾಗಿ ಕೆಲಸಕ್ಕೆ ಬಂತು. ಮುನ್ಷಿ ಉಗ್ರಾಣದ ಮುದ್ರೆಯ ಮೇಲೆ ಬೆರಳಾಡಿಸಿ ನೋಡಿ, ಮೊಹರು ಹಾಕಿ ಆಗ್ರಾಕ್ಕೆ ಕಳಿಸಿದ್ದಾರೆ. ಈ ಪತ್ರ ನಿನ್ನ ಕೈ ಸೇರುವ ಹೊತ್ತಿಗೆ ಮಿರ್ಜಾನ ಹುದ್ದೆಯೂ ಇರುವುದಿಲ್ಲ, ಮೆರೆದಾಟವೂ ಇರುವುದಿಲ್ಲ. ಮುದಿ ದಾಸಿ ಈಗಲೇ ಗಂಟುಮೂಟೆ ಕಟ್ಟಿದ್ದಾಳೆ.

ನೀನು ಬರೆದದ್ದು ನಿಜವೆಂದು ಎಲ್ಲರಿಗೂ ತಿಳಿಯುತ್ತದೆ. ಚಿತ್ರಶಾಲೆಗೆ ಮರ್ಯಾದೆಯಿಂದ ವಾಪಸು ಕರೆಯುತ್ತಾರೆ, ಮೊದಲ ಸಾಲಿನಲ್ಲೇ ಕೂರಿಸುತ್ತಾರೆ. ಕೂರು. ಪಕ್ಕದಲ್ಲಿ ಬಣ್ಣ ಇರುತ್ತದೆ, ಕುಂಚ ಇರುತ್ತದೆ, ಕಾಗದ ಇರುತ್ತದೆ. ನಿನ್ನ ಭಾವನಿಗೂ ಕೊನೆಯವರೆಗೆ ಅವೆಲ್ಲ ಇದ್ದವು.

ಕ್ಷಮಿಸು ಎಂದು ಕೇಳಿದ್ದೀಯ. ಒಂದು ಕೆಲಸ ಮಾಡು. ಎಡಗೈಯಲ್ಲಿ ಒಂದು ಕಿವಿ ಬರೆದು ಕಳಿಸು. ಅದರೊಳಗೆ ಮೆಂತ್ಯ ಇಲ್ಲದಿದ್ದರೆ ಕ್ಷಮಿಸುತ್ತೇನೆ. ಇದ್ದರೆ, ಆ ಎರಡರ ಜೊತೆ ಮೂರನೆಯದಾಗಿ ಪೆಟ್ಟಿಗೆಯಲ್ಲಿ ಇಡುತ್ತೇನೆ.

ಕೇಸರ್